ಸ್ಪಿತಿಗೆ ಬೈಕ್‌ನಲ್ಲಿ: ಹತ್ತೋ ಮೊದಲು ಇಳಿಯೋ ದಾರಿ ಗೊತ್ತಿರಲಿ

(ಈ ವಾರದ ಸಂಚಿಕೆಯ ಬರಹ ರೂಪ)

ಬೈಕ್‌ನಲ್ಲಿ ಸ್ಪಿತಿಗೆ ಹೋಗ್ಬೇಕು ಅಂತ ಪ್ಲಾನ್ ಹಾಕ್ತಿರೋರು ನನ್ನನ್ನ ಕೇಳೋ ಮೊದಲ ಪ್ರಶ್ನೆ ಹೆಚ್ಚೂಕಮ್ಮಿ ಒಂದೇ: ಯಾವ ಬೈಕ್ ಒಳ್ಳೇದು? ಅದಾದ ಮೇಲೆ ಎಷ್ಟು ಸಿಸಿ ಬೇಕು, ಟೈರ್ ಯಾವುದು, ಜಾಕೆಟ್ ಎಲ್ಲಿ ತಗೊಂಡ್ರಿ. ಎಲ್ಲಾ ಬೇಕಾದ ಪ್ರಶ್ನೆಗಳೇ. ಆದ್ರೆ ನಾನು ವಾಪಸ್ ಕೇಳೋದು ಬೇರೆ. ಮೊದಲ ರಾತ್ರಿ ಎಲ್ಲಿ ಮಲಗ್ತೀರಿ? ಎರಡನೇ ರಾತ್ರಿ ಎಲ್ಲಿ? ನಡುರಾತ್ರಿ ಜೊತೆಗಿರೋನಿಗೆ ಹುಷಾರು ತಪ್ಪಿದ್ರೆ ಯಾವ ಕಡೆಗೆ ಇಳೀತೀರಿ?

ಮೂರನೇ ಪ್ರಶ್ನೆಗೆ ಸಾಮಾನ್ಯವಾಗಿ ಆ ಕಡೆಯಿಂದ ಉತ್ತರ ಬರಲ್ಲ. ಇವತ್ತಿನ ಸಂಚಿಕೆ ಆ ಉತ್ತರದ ಬಗ್ಗೆ. ನಾನು ಸ್ಪಿತಿಗೆ ಮೂರು ಸಲ ಹೋಗಿದ್ದೀನಿ. ಮೂರೂ ಸಲ ಶಿಮ್ಲಾ ಕಡೆಯಿಂದ ಹತ್ತಿ ಮನಾಲಿ ಕಡೆ ಇಳಿದಿದ್ದೀನಿ. ಯಾಕೆ ಹಾಗೆ ಅನ್ನೋದನ್ನ ಹೇಳ್ತೀನಿ. ನಾನು ಡಾಕ್ಟರ್ ಅಲ್ಲ, ಹಾಗಾಗಿ ಮಾತ್ರೆ ವಿಷಯ ಬಂದಾಗ ನಿಮ್ಮ ಡಾಕ್ಟರ್‌ನ ಕೇಳಿ. ದಾರಿ ವಿಷಯ ನನ್ನನ್ನ ಕೇಳಿ.

ಈ ಕಣಿವೆ ಎಲ್ಲಿದೆ, ಹೇಗಿದೆ

ಹಿಮಾಚಲ ಪ್ರದೇಶದ ಲಾಹೌಲ್-ಸ್ಪಿತಿ ಜಿಲ್ಲೆಯಲ್ಲಿ, ಟಿಬೆಟ್ ಗಡಿಗೆ ಹತ್ತಿರ ಇರೋ ಎತ್ತರದ ಕಣಿವೆ ಇದು. ಮುಂಗಾರಿನ ಮೋಡಗಳನ್ನ ದಕ್ಷಿಣದ ಬೆಟ್ಟಗಳೇ ತಡೆದು ಖಾಲಿ ಮಾಡಿಬಿಡ್ತವೆ. ಹಾಗಾಗಿ ಇಲ್ಲಿ ಮಳೆ ತೀರಾ ಕಡಿಮೆ, ಮರ ಅಪರೂಪ. ನಮ್ಮ ಪಶ್ಚಿಮ ಘಟ್ಟದ ಹಸಿರು ನೋಡಿ ಬೆಳೆದ ಕಣ್ಣಿಗೆ ಮೊದಲ ದಿನ ಗಾಬರಿಯಾಗುತ್ತೆ: ಕಂದು, ಬೂದಿ, ನೇರಳೆ ಬಣ್ಣದ ಬೋಳು ಬೆಟ್ಟ, ಮಧ್ಯೆ ಒಂದು ನದಿ. ಅಲ್ಲೊಂದು ಇಲ್ಲೊಂದು ಬಟಾಣಿ, ಬಾರ್ಲಿ ಬೆಳೆದ ಹಸಿರು ಚೌಕ. ಅಷ್ಟೇ.

ಮುಖ್ಯ ಊರು ಕಾಜಾ. ಎತ್ತರ 3,650 ಮೀಟರ್ ಆಸುಪಾಸು. ಲೆಕ್ಕಕ್ಕೆ ಸಿಗಲಿ ಅಂತ ಹೇಳ್ತೀನಿ: ಬೆಂಗಳೂರು ಸುಮಾರು 920 ಮೀಟರ್‌ನಲ್ಲಿದೆ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930. ಅಂದ್ರೆ ಮುಳ್ಳಯ್ಯನಗಿರಿ ಮೇಲೆ ಇನ್ನೂ ಒಂದು ಮುಳ್ಳಯ್ಯನಗಿರಿ ಇಟ್ರೆ ಕಾಜಾ ಬಸ್ ಸ್ಟ್ಯಾಂಡ್‌ಗಿಂತ ಸ್ವಲ್ಪ ಮೇಲೆ ಬರುತ್ತೆ.

ಒಳಗೆ ಬರೋಕೆ ಬೈಕ್‌ನೋರಿಗೆ ಎರಡೇ ಬಾಗಿಲು. ಒಂದು ಶಿಮ್ಲಾ, ಕಿನ್ನೌರ್ ಕಡೆಯಿಂದ. ಸಟ್ಲೆಜ್ ನದಿ ಪಕ್ಕದಲ್ಲೇ ಹತ್ತುತ್ತಾ ಬಂದು, ಸ್ಪಿತಿ ನದಿ ಸಟ್ಲೆಜ್‌ಗೆ ಸೇರೋ ಖಾಬ್ ಅನ್ನೋ ಜಾಗದಲ್ಲಿ ತಿರುಗಿ ಮೇಲೆ ಹೋಗ್ಬೇಕು. ಇನ್ನೊಂದು ಮನಾಲಿ ಕಡೆಯಿಂದ, ಕುಂಜುಮ್ ಪಾಸ್ ದಾಟಿ. ಕುಂಜುಮ್ 4,551 ಮೀಟರ್. ಚಳಿಗಾಲದಲ್ಲಿ ಹಿಮ ಬಿದ್ದು ಈ ಬಾಗಿಲು ತಿಂಗಳುಗಟ್ಟಲೆ ಮುಚ್ಚಿರುತ್ತೆ. ಕಿನ್ನೌರ್ ಬಾಗಿಲು, ಭೂಕುಸಿತ ಆಗದಿದ್ರೆ, ಹೆಚ್ಚುಕಡಿಮೆ ವರ್ಷವಿಡೀ ತೆರೆದಿರುತ್ತೆ.

ಈ ಎರಡು ಬಾಗಿಲ ವಿಷಯ ನೆನಪಿಟ್ಕೊಳ್ಳಿ. ಇವತ್ತಿನ ಪೂರ್ತಿ ಮಾತು ಇದರ ಮೇಲೇ ನಿಂತಿದೆ.

ಗಾಳಿ ತೆಳುವಾದಾಗ ಏನಾಗುತ್ತೆ

"ಮೇಲೆ ಆಕ್ಸಿಜನ್ ಕಡಿಮೆ" ಅಂತ ಎಲ್ಲರೂ ಹೇಳ್ತಾರೆ. ಗಾಳಿಯಲ್ಲಿ ಆಕ್ಸಿಜನ್ ಪಾಲು ಎಲ್ಲಾ ಕಡೆ ಒಂದೇ, ನೂರಕ್ಕೆ ಸುಮಾರು 21. ಮಂಗಳೂರಿನ ಬೀಚ್‌ನಲ್ಲೂ ಅಷ್ಟೇ, ಕುಂಜುಮ್‌ನಲ್ಲೂ ಅಷ್ಟೇ. ಕಡಿಮೆ ಆಗೋದು ಗಾಳಿಯ ಒತ್ತಡ. ಕಾಜಾದಲ್ಲಿ ಒತ್ತಡ ಸಮುದ್ರ ಮಟ್ಟದ ನೂರಕ್ಕೆ ಸುಮಾರು 65ರಷ್ಟು. ಕುಂಜುಮ್‌ನಲ್ಲಿ 57ರ ಆಸುಪಾಸು. ಅಂದ್ರೆ ಒಂದು ಉಸಿರಲ್ಲಿ ಒಳಗೆ ಹೋಗೋ ಆಕ್ಸಿಜನ್ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ.

ಬೈಕಿಗೂ ಇದೇ ಕಥೆ. ಎಂಜಿನ್ ಉಸಿರಾಡೋದೂ ಅದೇ ಗಾಳಿ. ಪ್ರತಿ ಸಾವಿರ ಮೀಟರಿಗೆ ಹೆಚ್ಚುಕಡಿಮೆ ನೂರಕ್ಕೆ ಹತ್ತರಷ್ಟು ಶಕ್ತಿ ಹೋಗುತ್ತೆ ಅನ್ನೋದು ಒರಟು ಲೆಕ್ಕ. ಹಳೇ ಕಾರ್ಬ್ಯುರೇಟರ್ ಬೈಕ್ ಆದ್ರೆ ಗಾಳಿ ಕಡಿಮೆ, ಪೆಟ್ರೋಲ್ ಅಷ್ಟೇ. ಹಾಗಾಗಿ ಕಪ್ಪು ಹೊಗೆ, ಕೆಮ್ಮು, ಏರಿನಲ್ಲಿ ಸುಸ್ತು. ಈಗಿನ ಫ್ಯೂಯಲ್ ಇಂಜೆಕ್ಷನ್ ಬೈಕ್‌ಗಳಲ್ಲಿ ಸೆನ್ಸರ್ ಗಾಳಿಯ ಒತ್ತಡ ಅಳೆದು, ಇಸಿಯು ಪೆಟ್ರೋಲ್ ಕಡಿಮೆ ಮಾಡುತ್ತೆ. ಶಕ್ತಿ ಇಳಿಯುತ್ತೆ, ಆದ್ರೆ ಓಡೋದು ನಿಲ್ಲಲ್ಲ. ಈ ಹೊಂದಾಣಿಕೆ ಕಣ್ಣು ಮಿಟುಕಿಸೋದ್ರಲ್ಲಿ ಆಗುತ್ತೆ.

ನಮ್ಮ ದೇಹವೂ ಹೊಂದ್ಕೊಳ್ಳುತ್ತೆ, ಆದ್ರೆ ಅದಕ್ಕೆ ದಿನಗಳು ಬೇಕು. ಮೊದಲು ಉಸಿರಾಟ ಜೋರಾಗುತ್ತೆ. ಜೋರಾಗಿ ಉಸಿರಾಡಿದ್ರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ಅದರ ಆಮ್ಲ-ಕ್ಷಾರದ ಸಮತೋಲನ ತಪ್ಪುತ್ತೆ. ಅದನ್ನ ಮೂತ್ರಪಿಂಡ ನಿಧಾನಕ್ಕೆ ಸರಿ ಮಾಡ್ಬೇಕು. ಅದಕ್ಕೇ ಮೊದಲೆರಡು ದಿನ ಪದೇ ಪದೇ ಮೂತ್ರಕ್ಕೆ ಹೋಗೋದು. ಅದು ಒಳ್ಳೇ ಲಕ್ಷಣ, ನೀರು ಕುಡಿಯೋದು ಬಿಡಬೇಡಿ. ಕೆಂಪು ರಕ್ತಕಣ ಹೆಚ್ಚೋಕಂತೂ ವಾರಗಳೇ ಬೇಕು, ನಮ್ಮ ಟ್ರಿಪ್ ಅಷ್ಟರಲ್ಲಿ ಮುಗಿದಿರುತ್ತೆ.

ಈ ಹೊಂದಾಣಿಕೆ ಆಗೋ ಮೊದಲೇ ಮೇಲೆ ಹೋದ್ರೆ ಬರೋದು ಎತ್ತರದ ಕಾಯಿಲೆ. ತಲೆನೋವು, ವಾಕರಿಕೆ, ಊಟ ಸೇರದಿರೋದು, ಸುಸ್ತು, ತಲೆಸುತ್ತು, ನಿದ್ದೆ ಬಾರದಿರೋದು. ಇಷ್ಟಕ್ಕೇ ನಿಂತು, ಮೇಲೆ ಹೋಗದೆ ಅಲ್ಲೇ ವಿಶ್ರಾಂತಿ ತಗೊಂಡ್ರೆ ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ಸರಿಹೋಗುತ್ತೆ. ಮುಂದುವರಿದ್ರೆ ಎರಡು ರೂಪ ತಗೊಳ್ಳುತ್ತೆ. ಒಂದು, ಮೆದುಳಿನಲ್ಲಿ ಊತ: ಮಾತು ತೊದಲೋದು, ಗೊಂದಲ, ನೇರ ನಡೆಯೋಕೆ ಆಗದಿರೋದು. ಇನ್ನೊಂದು, ಶ್ವಾಸಕೋಶದಲ್ಲಿ ನೀರು: ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು, ಕೊನೆಗೆ ಗುಲಾಬಿ ಬಣ್ಣದ ನೊರೆ ಕಫ. ಎರಡೂ ಗಂಟೆಗಳ ಲೆಕ್ಕದಲ್ಲಿ ಜೀವ ತೆಗೆಯಬಲ್ಲವು. ವಯಸ್ಸು, ಜಿಮ್, ಫಿಟ್‌ನೆಸ್ ಯಾವುದೂ ಇದರ ಮುಂದೆ ಗ್ಯಾರಂಟಿ ಅಲ್ಲ.

ಬೈಕ್‌ನೋರಿಗೇ ಯಾಕೆ ಅಪಾಯ ಜಾಸ್ತಿ

ಟ್ರೆಕ್ಕಿಂಗ್ ಹೋಗೋನು ದಿನಕ್ಕೆ ಎಷ್ಟು ಎತ್ತರ ಹತ್ತಬೇಕು ಅನ್ನೋದನ್ನ ಅವನ ಕಾಲೇ ಹೇಳುತ್ತೆ. ಸುಸ್ತಾಯ್ತು, ಕೂತ. ಬೈಕ್‌ನಲ್ಲಿ ಆ ಬ್ರೇಕ್ ಇಲ್ಲ. ಬಲಗೈ ತಿರುಗಿಸಿದ್ರೆ ಒಂದೇ ಮಧ್ಯಾಹ್ನದಲ್ಲಿ ಎರಡು ಸಾವಿರ ಮೀಟರ್ ಮೇಲೆ.

ಇನ್ನೊಂದು ತೊಂದರೆ, ನಮ್ಮ ಹತ್ರ ತಲೆನೋವಿಗೆ ಬೇರೆ ಕಾರಣ ಯಾವಾಗ್ಲೂ ರೆಡಿ ಇರುತ್ತೆ. ಹೆಲ್ಮೆಟ್ ಟೈಟ್ ಆಯ್ತು. ಧೂಳು ಕುಡಿದ್ವಿ. ಬಿಸಿಲು ಜಾಸ್ತಿ. ಬೆಳಿಗ್ಗೆ ಸರಿಯಾಗಿ ತಿನ್ನಲಿಲ್ಲ. ಇದೆಲ್ಲಾ ನಿಜವೂ ಇರಬಹುದು. ಆದ್ರೆ ಈ ಎತ್ತರದಲ್ಲಿ ಪಾಲಿಸೋ ನಿಯಮ ಬೇರೆ: ಹುಷಾರಿಲ್ಲ ಅನಿಸಿದ್ರೆ, ಬೇರೆ ಕಾರಣ ಸ್ಪಷ್ಟವಾಗಿ ಗೊತ್ತಾಗೋ ತನಕ ಅದನ್ನ ಎತ್ತರದ ಕಾಯಿಲೆ ಅಂತಲೇ ತಿಳ್ಕೊಳ್ಳಿ. ಲಕ್ಷಣ ಇರೋವಾಗ ಇನ್ನೂ ಮೇಲೆ ಹೋಗ್ಬೇಡಿ. ಹೆಚ್ಚಾಗ್ತಿದ್ರೆ ಇಳಿಯಿರಿ, ರಾತ್ರಿ ಆದ್ರೂ ಸರಿ.

ಮೂರನೇದು ಗುಂಪು. ಆರು ಬೈಕ್, ರಜೆ ಹತ್ತೇ ದಿನ, ಬಾಡಿಗೆ ಬೈಕ್‌ನ ದಿನದ ಲೆಕ್ಕ. ಯಾರಿಗೂ "ನನ್ನಿಂದ ಲೇಟ್ ಆಯ್ತು" ಅನ್ನಿಸ್ಕೊಳ್ಳೋಕೆ ಇಷ್ಟ ಇಲ್ಲ. ಹಾಗಾಗಿ ತಲೆನೋವು ಬಂದೋನು ಬಾಯಿ ಬಿಡಲ್ಲ. ನಮ್ಮ ಗುಂಪಿನಲ್ಲಿ ಒಂದು ಪದ್ಧತಿ ಇದೆ. ರಾತ್ರಿ ಊಟಕ್ಕೆ ಕೂತಾಗ ಪ್ರತಿಯೊಬ್ಬರೂ ಮೂರು ವಿಷಯ ಹೇಳಲೇಬೇಕು: ತಲೆನೋವು ಇದೆಯಾ, ಹಸಿವು ಇದೆಯಾ, ನಿನ್ನೆ ನಿದ್ದೆ ಬಂತಾ. ಎಲ್ಲರೂ ಹೇಳೋದ್ರಿಂದ ಯಾರಿಗೂ ನಾಚಿಕೆ ಇಲ್ಲ.

ಯಾವ ಬಾಗಿಲಿಂದ ಹೋಗ್ಬೇಕು

ಡಾಕ್ಟರ್‌ಗಳು ಸಾಮಾನ್ಯವಾಗಿ ಹೇಳೋ ಲೆಕ್ಕ ಇದು: 3,000 ಮೀಟರ್ ದಾಟಿದ ಮೇಲೆ ಮಲಗೋ ಜಾಗದ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ರಾತ್ರಿ ಅಲ್ಲೇ ಉಳೀಬೇಕು. ಗಮನಿಸಿ, ಮುಖ್ಯವಾಗಿ ನೋಡೋದು ಮಲಗೋ ಎತ್ತರ. ಹಗಲಲ್ಲಿ ಮೇಲೆ ಹೋಗಿ ಬಂದು ಕೆಳಗೆ ಮಲಗಿದ್ರೆ ಪರವಾಗಿಲ್ಲ.

ಈಗ ಈ ಲೆಕ್ಕವನ್ನ ಎರಡು ಬಾಗಿಲಿಗೂ ಹಾಕಿ ನೋಡೋಣ.

ಕಿನ್ನೌರ್ ಕಡೆ: ಶಿಮ್ಲಾ ಸುಮಾರು 2,200 ಮೀಟರ್. ಮರುದಿನ ಸರಾಹನ್, ಹೆಚ್ಚುಕಡಿಮೆ ಅಷ್ಟೇ ಎತ್ತರ. ಆಮೇಲೆ ಕಲ್ಪಾ, 2,960. ಅಲ್ಲಿಂದ ಒಂದು ಪೂರ್ತಿ ದಿನದ ಸವಾರಿ. ದಾರಿಯಲ್ಲಿ ನಾಕೊ 3,660 ಮೀಟರ್ ಸಿಗುತ್ತೆ, ಅಲ್ಲಿ ಚಹಾ ಕುಡಿದು ದಾಟಿ ತಾಬೊದಲ್ಲಿ ಮಲಗಿ. ತಾಬೊ 3,280. ಕ್ರಿ.ಶ. 996ರಲ್ಲಿ ಕಟ್ಟಿದ ಬೌದ್ಧ ಮಠ ಇರೋ ಊರು, ಅದರ ಒಳಗಿನ ಗೋಡೆ ಚಿತ್ರಗಳನ್ನ ನೋಡೋಕೇ ಅರ್ಧ ದಿನ ಇಡಬಹುದು. ಮರುದಿನ ಕಾಜಾ. ಮಲಗೋ ಎತ್ತರ 2,200, 2,960, 3,280, 3,650. ಮೆಟ್ಟಿಲು ಹತ್ತಿದ ಹಾಗೆ.

ಮನಾಲಿ ಕಡೆ: ಮನಾಲಿ ಸುಮಾರು 2,050 ಮೀಟರ್. 2020ರ ಅಕ್ಟೋಬರ್‌ನಲ್ಲಿ ಶುರುವಾದ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗದಲ್ಲಿ ನುಗ್ಗಿ, ಆಚೆ ಬಂದು, ಬಲಕ್ಕೆ ತಿರುಗಿ ಕೋಕ್ಸರ್, ಗ್ರಾಂಫು, ಛತ್ರು, ಬಾತಲ್. ಬಾತಲ್ ದಾಟಿ ಎಡಕ್ಕೆ ಚಂದ್ರತಾಲ್ ದಾರಿ. ಬೆಳಿಗ್ಗೆ ಬೇಗ ಹೊರಟ್ರೆ ಸಂಜೆಗೆ ಚಂದ್ರತಾಲ್ ಕ್ಯಾಂಪ್, ಎತ್ತರ 4,200 ಆಸುಪಾಸು. ಒಂದೇ ದಿನದಲ್ಲಿ ಮಲಗೋ ಎತ್ತರ ಎರಡು ಸಾವಿರ ಮೀಟರ್‌ಗೂ ಜಾಸ್ತಿ ಏರಿತು. ಇದು ಮೆಟ್ಟಿಲಲ್ಲ, ಗೋಡೆ.

ರೀಲ್ಸ್‌ನಲ್ಲಿ ಹೆಚ್ಚು ಕಾಣೋ "ಮನಾಲಿ ಟು ಚಂದ್ರತಾಲ್ ಒಂದೇ ದಿನ" ಪ್ಲಾನ್ ಇದೇ. ಎಷ್ಟೋ ಜನ ಹೋಗಿ, ತಲೆನೋವಿನಲ್ಲೇ ರಾತ್ರಿ ಕಳೆದು, ಫೋಟೋ ತೆಗೆದು ವಾಪಸ್ ಬರ್ತಾರೆ. ಏನೂ ಆಗದೆ ಬಂದೋರ ವಿಡಿಯೊ ನಮಗೆ ಸಿಗುತ್ತೆ. ಆದೋರು ವಿಡಿಯೊ ಹಾಕಲ್ಲ.

ಚಂದ್ರತಾಲ್ ಕ್ಯಾಂಪ್‌ನಲ್ಲಿ ನೋಡಿದ್ದು

ಒಂದು ಸೆಪ್ಟೆಂಬರ್‌ನಲ್ಲಿ ನಾನು ಕಾಜಾ ಕಡೆಯಿಂದ ಕುಂಜುಮ್ ಇಳಿದು ಚಂದ್ರತಾಲ್ ಕ್ಯಾಂಪ್ ಸೇರಿದೆ. ಬೆಟ್ಟಕ್ಕೆ ಬಂದು ಒಂದು ವಾರ ಆಗಿತ್ತು. ಸಂಜೆ ಪಕ್ಕದ ಟೆಂಟ್‌ನಿಂದ ಕನ್ನಡ ಕೇಳಿಸ್ತು. ನಾಲ್ಕು ಜನ ಹುಡುಗರು, ದಾವಣಗೆರೆ ಕಡೆಯೋರು, ಅವತ್ತೇ ಬೆಳಿಗ್ಗೆ ಮನಾಲಿಯಿಂದ ಹೊರಟು ಬಂದಿದ್ರು. ಕನ್ನಡ ಮಾತಾಡಿದ್ದಕ್ಕೆ ಖುಷಿಯಾಗಿ ಚಹಾ ಕೊಟ್ರು. ಒಬ್ಬ ಮಾತ್ರ ಒಳಗೆ ಮಲಗಿದ್ದ.

ರಾತ್ರಿ ಎಂಟರ ಹೊತ್ತಿಗೆ ಅವರಲ್ಲೊಬ್ಬ ಬಂದು, "ಅಣ್ಣಾ, ತಲೆನೋವಿನ ಮಾತ್ರೆ ಇದ್ಯಾ? ನಮ್ಮ ಹುಡುಗ ಎರಡು ಸಲ ವಾಂತಿ ಮಾಡ್ದ" ಅಂದ. ಮಾತ್ರೆ ಇತ್ತು. ಆದ್ರೂ ಹೋಗಿ ನೋಡಿದೆ. ಹೆಸರು ಕೇಳಿದ್ರೆ ಹೇಳಿದ, ಆದ್ರೆ ತಡವಾಗಿ. ನೆಲದ ಮೇಲೆ ಟಾರ್ಚ್ ಬಿಟ್ಟು, "ಹಿಮ್ಮಡಿ ಮುಂದೆ ಹೆಬ್ಬೆರಳು ಇಟ್ಟು ನೇರ ನಡಿಯಪ್ಪಾ" ಅಂದೆ. ಮೂರನೇ ಹೆಜ್ಜೆಗೆ ಪಕ್ಕಕ್ಕೆ ವಾಲಿದ. ಇನ್ನೊಂದು ಸಲವೂ ಹಾಗೇ.

ಈ ನಡಿಗೆ ಪರೀಕ್ಷೆ ಯಾರು ಬೇಕಾದ್ರೂ ಮಾಡಬಹುದು. ಈ ಎತ್ತರದಲ್ಲಿ, ಬೇರೆ ಲಕ್ಷಣಗಳ ಜೊತೆಗೆ ನೇರ ನಡೆಯೋಕೆ ಆಗ್ತಿಲ್ಲ ಅಂದ್ರೆ ಮೆದುಳಿನ ಊತದ ಅನುಮಾನ. "ಬೆಳಿಗ್ಗೆ ನೋಡೋಣ" ಅನ್ನೋ ಮಾತು ಅಲ್ಲಿಗೆ ಮುಗೀತು.

ಈಗ ಎಲ್ಲಿಗೆ ಕರ್ಕೊಂಡು ಹೋಗೋದು? ಹುಡುಗರು ಅಂದಿದ್ದು, "ಕಾಜಾದಲ್ಲಿ ಸರ್ಕಾರಿ ಆಸ್ಪತ್ರೆ ಇದೆ, ಹೇಗೂ ನಾಳೆ ಅಲ್ಲಿಗೇ ಹೋಗೋರು." ಕೇಳೋಕೆ ಸರಿ ಅನಿಸುತ್ತೆ ಅಲ್ವಾ? ಆದ್ರೆ ಕಾಜಾಕ್ಕೆ ಹೋಗೋಕೆ ಮೊದಲು ಕುಂಜುಮ್ ಹತ್ತಬೇಕು. ಈಗಾಗಲೇ ಆಕ್ಸಿಜನ್ ಸಾಲದೆ ಒದ್ದಾಡ್ತಿರೋನನ್ನ ಇನ್ನೂ 300 ಮೀಟರ್‌ಗೂ ಹೆಚ್ಚು ಮೇಲೆ ಕರ್ಕೊಂಡು ಹೋದ ಹಾಗೆ. ಕ್ಯಾಂಪ್ ನೋಡ್ಕೊಳ್ತಿದ್ದ ಹಿರಿಯರು ಎರಡೇ ಮಾತು ಹೇಳಿದ್ರು: "ನೀಚೇ. ಛತ್ರು." ಬಾತಲ್ ಬರೀ ಇನ್ನೂರು ಚಿಲ್ಲರೆ ಮೀಟರ್ ಕೆಳಗೆ, ಅದು ಸಾಲದು. ಛತ್ರು 3,300 ಮೀಟರ್ ಚಿಲ್ಲರೆ. ಅಲ್ಲಿಂದ ಮುಂದೆ ಸುರಂಗ, ಮನಾಲಿ, ದೊಡ್ಡ ಆಸ್ಪತ್ರೆ. ಎಲ್ಲಾ ಇಳಿಜಾರಿನ ದಿಕ್ಕು.

ಆಗ ಇನ್ನೊಬ್ಬ ಕೇಳಿದ ಪ್ರಶ್ನೆ ನನಗೆ ಇನ್ನೂ ನೆನಪಿದೆ. "ಬೈಕ್ ಇಲ್ಲೇ ಬಿಟ್ರೆ? ಹತ್ತು ಸಾವಿರ ಡೆಪಾಸಿಟ್ ಕೊಟ್ಟಿದ್ದೀವಿ." ನಾನು ಅವನನ್ನ ಬೈಯಲಿಲ್ಲ. ತಿಂಗಳ ಸಂಬಳ ಕೂಡಿಟ್ಟು ಬಂದೋನ ಪ್ರಶ್ನೆ ಅದು. ಹಿರಿಯರು ಬೈಕ್ ಇಲ್ಲೇ ಇರಲಿ, ನಾನು ನೋಡ್ಕೊಳ್ತೀನಿ ಅಂದ್ರು. ಕ್ಯಾಂಪ್ ಜೀಪ್‌ನಲ್ಲಿ, ಒಬ್ಬ ಗೆಳೆಯನ ಜೊತೆ, ಅವನನ್ನ ಕೂರಿಸಿಕೊಂಡು ಒಂಬತ್ತಕ್ಕೆ ಮುಂಚೆ ಹೊರಟ್ರು. ಹುಷಾರಿಲ್ಲದೋನು ಬೈಕ್ ಓಡಿಸಬಾರದು, ಹಿಂದೆಯೂ ಕೂರಬಾರದು. ಸಮತೋಲನವೇ ಇಲ್ಲದೋನು ಕಲ್ಲಿನ ದಾರಿಯಲ್ಲಿ ಹೇಗೆ ಹಿಡ್ಕೊಳ್ತಾನೆ?

ಅಲ್ಲಿ ನೆಟ್‌ವರ್ಕ್ ಇಲ್ಲ. ಉಳಿದ ಇಬ್ಬರೂ ನಾನೂ ಆ ರಾತ್ರಿ ಹೆಚ್ಚು ಮಾತಾಡಲಿಲ್ಲ. ಮನಾಲಿ ತಲುಪಿದ ಮೇಲೆ ಮೆಸೇಜ್ ಸಿಕ್ಕಿತು: ಛತ್ರು ತಲುಪೋ ಹೊತ್ತಿಗೆ ಅವನೇ ಚಹಾ ಕೇಳಿದ್ದ, ಮನಾಲಿ ಆಸ್ಪತ್ರೆಯಲ್ಲಿ ಎರಡು ದಿನ ಇಟ್ಕೊಂಡು ಕಳಿಸಿದ್ರು. ಬದುಕಿದ್ದಕ್ಕೆ ಕಾರಣ ಮಾತ್ರೆ ಅಲ್ಲ. ಯಾವ ಕಡೆ ಇಳೀಬೇಕು ಅಂತ ಗೊತ್ತಿದ್ದ ಒಬ್ಬ ಮನುಷ್ಯ, ಮತ್ತೆ ನಿಂತಿದ್ದ ಒಂದು ಜೀಪ್.

ಪ್ರತಿ ಸಂಜೆ ಮೂರು ಪ್ರಶ್ನೆ

ಅದಾದ ಮೇಲೆ ನಾನು ಪ್ರತಿ ಸಂಜೆ, ಟೆಂಟ್ ಹಾಕೋ ಮೊದಲು, ಮೂರು ಪ್ರಶ್ನೆಗೆ ಉತ್ತರ ಹುಡುಕ್ತೀನಿ. ಇವತ್ತು ರಾತ್ರಿ ಇಳೀಬೇಕಾದ್ರೆ ಯಾವ ದಿಕ್ಕು? ಆ ದಾರಿಯಲ್ಲಿ ಮೊದಲು ಏರು ಇದೆಯಾ? ಯಾರ ಗಾಡಿ?

ಕಾಜಾದಲ್ಲಿದ್ರೆ ಉತ್ತರ ತಾಬೊ ಕಡೆ. ಸುಮಾರು 50 ಕಿಲೋಮೀಟರ್‌ನಲ್ಲಿ 3,280ಕ್ಕೆ ಬರ್ತೀರಿ. ಇನ್ನೂ ಇಳೀಬೇಕು ಅಂದ್ರೆ ನಾಕೊ ಹತ್ತಿರ ಮತ್ತೆ ಒಂದು ಏರು, ಅದಾದ ಮೇಲೆ ಖಾಬ್ ತನಕ ಇಳಿತ. ಚಂದ್ರತಾಲ್‌ನಲ್ಲಿದ್ರೆ ಛತ್ರು ಕಡೆ, ಕುಂಜುಮ್ ಕಡೆ ಖಂಡಿತ ಅಲ್ಲ. ಲೋಸರ್‌ನಲ್ಲಿದ್ರೆ ಕಾಜಾ ಕಡೆ, ಯಾಕಂದ್ರೆ ಮನಾಲಿ ಕಡೆ ಕುಂಜುಮ್ ಅಡ್ಡ. ಸ್ಪಿತಿಯಲ್ಲಿ "ಹತ್ತಿರದ ಆಸ್ಪತ್ರೆ" ಮತ್ತು "ಇಳಿಯೋ ದಾರಿ" ಯಾವಾಗ್ಲೂ ಒಂದೇ ಕಡೆ ಇರಲ್ಲ. ಈ ಗೊಂದಲವನ್ನ ನಡುರಾತ್ರಿ, ತಲೆ ಕೆಲಸ ಮಾಡದಿರೋವಾಗ ಬಿಡಿಸೋಕೆ ಹೋಗ್ಬೇಡಿ.

ದಾರಿಯೇ ಮುಚ್ಚಿಹೋಗಬಹುದು ಅನ್ನೋದೂ ಲೆಕ್ಕದಲ್ಲಿರಲಿ. 2023ರ ಜುಲೈನಲ್ಲಿ, ಬೇಸಿಗೆ ಮಧ್ಯದಲ್ಲೇ, ಹಿಮ ಬಿದ್ದು ಚಂದ್ರತಾಲ್ ಕ್ಯಾಂಪ್‌ಗಳಲ್ಲಿ 250ಕ್ಕೂ ಹೆಚ್ಚು ಜನ ಹಲವು ದಿನ ಸಿಕ್ಕಿಹಾಕಿಕೊಂಡಿದ್ರು. ಹುಷಾರಿಲ್ಲದ ಕೆಲವರನ್ನ ಹೆಲಿಕಾಪ್ಟರ್‌ನಲ್ಲಿ ಇಳಿಸಬೇಕಾಯ್ತು, ಉಳಿದವರನ್ನ ಹಿಮ ತೆಗೆಸಿ ರಸ್ತೆಯಲ್ಲಿ ಕರ್ಕೊಂಡು ಬಂದ್ರು. ಹಾಗಾಗಿ ಚಂದ್ರತಾಲ್‌ಗೆ ಬರೋ ಹೊತ್ತಿಗೆ ದೇಹ ಆ ಎತ್ತರಕ್ಕೆ ರೆಡಿಯಾಗಿರಬೇಕು. ಅದನ್ನ ಟ್ರಿಪ್‌ನ ಕೊನೆಗೆ ಇಡಿ, ಮೊದಲಿಗಲ್ಲ.

ಡೈಯಾಮಾಕ್ಸ್ ಅಂತ ಜನ ಕರೆಯೋ ಅಸೆಟಜೋಲಮೈಡ್ ಮಾತ್ರೆ ಮೂತ್ರಪಿಂಡದ ಆ ಹೊಂದಾಣಿಕೆಯನ್ನ ಬೇಗ ಮಾಡಿಸುತ್ತೆ. ಡಾಕ್ಟರ್‌ನ ಕೇಳಿ, ಸಲ್ಫಾ ಔಷಧಿ ಅಲರ್ಜಿ ಇದ್ರೆ ಮೊದಲೇ ಹೇಳಿ. ಅದು ನಿಧಾನಕ್ಕೆ ಹತ್ತೋದಕ್ಕೆ ಬದಲಿ ಅಲ್ಲ. ಅಂಗಡಿಯಲ್ಲಿ ಸಿಗೋ ಸ್ಪ್ರೇ ಥರದ ಆಕ್ಸಿಜನ್ ಡಬ್ಬಿ ಕೆಲವೇ ನಿಮಿಷ ಬರುತ್ತೆ, ಅದನ್ನ ನಂಬಿ ಉಳ್ಕೊಳ್ಳಬೇಡಿ. ಮೊದಲ ರಾತ್ರಿಗಳಲ್ಲಿ ಮದ್ಯ, ನಿದ್ದೆ ಮಾತ್ರೆ ಎರಡೂ ಬೇಡ, ಎರಡೂ ಉಸಿರಾಟವನ್ನ ನಿಧಾನ ಮಾಡ್ತವೆ.

ಟೆಂಟ್ ಹಾಕೋದು, ಅಡುಗೆ ಮಾಡೋದು

ಕಾಜಾದಲ್ಲಿ ಕನಿಷ್ಠ ಎರಡು ರಾತ್ರಿ ಇರಿ. ಹಗಲಲ್ಲಿ ಲಾಂಗ್ಜಾ, ಹಿಕ್ಕಿಂ, ಕೋಮಿಕ್ ಹಳ್ಳಿಗಳಿಗೆ ಹೋಗಿ ಬನ್ನಿ, 4,400 ಮೀಟರ್ ಮತ್ತು ಅದಕ್ಕೂ ಮೇಲೆ. ಹಿಕ್ಕಿಂ ಅಂಚೆ ಕಚೇರಿಯಿಂದ ಮನೆಗೊಂದು ಕಾರ್ಡ್ ಹಾಕಿ. ರಾತ್ರಿ ಕೆಳಗೆ ಬಂದು ಮಲಗಿ. ದೇಹಕ್ಕೆ ಅಭ್ಯಾಸವೂ ಆಗುತ್ತೆ, ಊರೂ ನೋಡಿದ ಹಾಗಾಗುತ್ತೆ.

ಟೆಂಟ್ ಜಾಗಕ್ಕೆ ನನ್ನ ನಿಯಮ ಇಷ್ಟು. ನದಿ ಪಾತ್ರದಲ್ಲಿ ಹಾಕಬೇಡಿ, ಎಷ್ಟೇ ಸಮತಟ್ಟಾಗಿ ಕಂಡ್ರೂ. ಸಡಿಲ ಕಲ್ಲಿನ ಇಳಿಜಾರಿನ ಬುಡದಲ್ಲಿ ಬೇಡ. ಹೊಲದ ಬದುವಿನಲ್ಲಿ ಬೇಡ, ಹಳ್ಳಿಯೋರನ್ನ ಕೇಳಿಯೇ ಹಾಕಿ. ಮಧ್ಯಾಹ್ನದ ಮೇಲೆ ಗಾಳಿ ಜೋರು, ಹಾಗಾಗಿ ಎಲ್ಲಾ ಗೂಟಕ್ಕೂ ಕಲ್ಲು ಹೇರಿ. ಚಂದ್ರತಾಲ್ 2005ರಿಂದ ರಾಮ್ಸರ್ ಪಟ್ಟಿಯಲ್ಲಿರೋ ಜೌಗು ಪ್ರದೇಶ, ಕೆರೆ ದಡದಲ್ಲಿ ಟೆಂಟ್ ಹಾಕೋ ಹಾಗಿಲ್ಲ. ಕೆಲವು ಕಿಲೋಮೀಟರ್ ಈಚೆ ಇರೋ ಕ್ಯಾಂಪ್ ಜಾಗದಲ್ಲೇ ಉಳೀಬೇಕು.

ಸ್ಲೀಪಿಂಗ್ ಬ್ಯಾಗ್ ಮೇಲೆ ಎರಡು ಮೂರು ತಾಪಮಾನ ಬರೆದಿರ್ತಾರೆ. ನೋಡಬೇಕಾದ್ದು ಕಂಫರ್ಟ್ ಅಂತ ಬರೆದಿದ್ದು. ಎಕ್ಸ್‌ಟ್ರೀಮ್ ಅಂತ ಬರೆದಿದ್ದು ಬದುಕುಳಿಯೋ ಲೆಕ್ಕ, ನಿದ್ದೆ ಮಾಡೋ ಲೆಕ್ಕ ಅಲ್ಲ. ಕೆಳಗಿನ ಮ್ಯಾಟ್ ಚೆನ್ನಾಗಿಲ್ಲ ಅಂದ್ರೆ ಎಂಥಾ ಬ್ಯಾಗ್ ಇದ್ರೂ ನೆಲ ಬೆನ್ನಿನ ಬಿಸಿ ಎಳ್ಕೊಳ್ಳುತ್ತೆ. ಫೋನ್, ಪವರ್ ಬ್ಯಾಂಕ್ ಬ್ಯಾಗ್ ಒಳಗೇ ಇಟ್ಕೊಳ್ಳಿ, ಚಳಿಗೆ ಬ್ಯಾಟರಿ ಸುಮ್ಮನೆ ಇಳಿಯುತ್ತೆ.

ಎಷ್ಟೇ ಚಳಿಯಾದ್ರೂ ಟೆಂಟ್ ಒಳಗೆ ಸ್ಟವ್ ಹಚ್ಚಬೇಡಿ, ಕೆಂಡ ಇಟ್ಕೊಳ್ಳಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಅದರ ಮೊದಲ ಲಕ್ಷಣವೂ ತಲೆನೋವು, ವಾಕರಿಕೆಯೇ. ಎತ್ತರದ ಕಾಯಿಲೆ ಅಂದ್ಕೊಂಡು ಅಲ್ಲೇ ಮಲಗಿಬಿಟ್ರೆ ಏಳೋದಿಲ್ಲ.

ಸ್ಟವ್‌ಗೆ ಬರೀ ಬ್ಯೂಟೇನ್ ಇರೋ ಡಬ್ಬಿ ತಗೊಂಡ್ರೆ ಸೊನ್ನೆ ಡಿಗ್ರಿ ಹತ್ತಿರ ಅದು ಅನಿಲ ಆಗೋದೇ ನಿಲ್ಲುತ್ತೆ, ಬೆಳಿಗ್ಗೆ ಚಹಾ ಇಲ್ಲ. ಐಸೋಬ್ಯೂಟೇನ್ ಅಥವಾ ಪ್ರೊಪೇನ್ ಬೆರೆಸಿದ್ದು ನೋಡಿ. ಗ್ಯಾಸ್ ಡಬ್ಬಿಯನ್ನ ವಿಮಾನದಲ್ಲಿ ಒಯ್ಯೋ ಹಾಗಿಲ್ಲ, ಅಲ್ಲೇ ಕೊಳ್ಳಬೇಕು. ಇನ್ನು ಅನ್ನ. ಕಾಜಾ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತೆ. ಕುಕ್ಕರ್ ಇಲ್ಲದೆ ಅಕ್ಕಿ ಬೇಯಿಸೋಕೆ ಹೋದ್ರೆ ಗ್ಯಾಸ್ ಮುಗಿಯುತ್ತೆ, ಅನ್ನ ಗಟ್ಟಿಯಾಗೇ ಇರುತ್ತೆ. ನಾನು ಊರಿಂದ ಅವಲಕ್ಕಿ ಒಯ್ತೀನಿ. ಬಿಸಿನೀರು, ಉಪ್ಪಿನಕಾಯಿ, ಹುರಿದ ಶೇಂಗಾ. ಐದು ನಿಮಿಷ. ನಮ್ಮ ಅಜ್ಜಿ ಕಾಲದ ತಿಂಡಿ ಎತ್ತರದ ಅಡುಗೆಗೆ ಹೇಳಿ ಮಾಡಿಸಿದ ಹಾಗಿದೆ.

ಹಳ್ಳ ದಾಟೋದು, ಪೆಟ್ರೋಲ್

ಗ್ರಾಂಫುವಿನಿಂದ ಬಾತಲ್ ತನಕ ರಸ್ತೆ ಮೇಲೇ ಹಳ್ಳ ಹರಿಯೋ ಜಾಗಗಳಿವೆ. ಇವು ಮಳೆ ಹಳ್ಳ ಅಲ್ಲ, ಹಿಮ ಕರಗಿದ ನೀರು. ರಾತ್ರಿ ಚಳಿಗೆ ಕರಗೋದು ನಿಲ್ಲುತ್ತೆ, ಹಾಗಾಗಿ ಬೆಳಿಗ್ಗೆ ನೀರು ಕಡಿಮೆ. ಬಿಸಿಲೇರಿದ ಹಾಗೆ ಏರುತ್ತಾ ಹೋಗಿ ಮಧ್ಯಾಹ್ನದ ಮೇಲೆ ಮೊಣಕಾಲು ದಾಟುತ್ತೆ. ಅದೇ ಹಳ್ಳ, ಬೆಳಿಗ್ಗೆ ಏಳಕ್ಕೆ ಆಟ, ಮೂರು ಗಂಟೆಗೆ ಅಪಾಯ. ಹೊರಡೋದು ಬೇಗ ಇರಲಿ. ಸಂಶಯ ಇದ್ರೆ ಮೊದಲು ಒಬ್ಬರು ನಡೆದು ನೋಡಿ, ಫಸ್ಟ್ ಗೇರ್‌ನಲ್ಲಿ ಒಂದೇ ಸಮ ಎಳೆದು ದಾಟಿ.

ಪೆಟ್ರೋಲ್ ರೆಕಾಂಗ್ ಪಿಯೊ ಹತ್ತಿರ ತುಂಬಿಸಿ, ಆಮೇಲೆ ಕಾಜಾದಲ್ಲಿ. ಎರಡರ ಮಧ್ಯೆ ಸುಮಾರು 200 ಕಿಲೋಮೀಟರ್. ಕಾಜಾದಿಂದ ಮನಾಲಿಗೂ ಹೆಚ್ಚುಕಡಿಮೆ ಅಷ್ಟೇ, ಆದ್ರೆ ಚಂದ್ರತಾಲ್ ಸುತ್ತು ಸೇರುತ್ತೆ, ಕೆಳಗಿನ ಗೇರ್‌ನಲ್ಲೇ ಓಡಿಸೋದ್ರಿಂದ ಮೈಲೇಜ್ ಇಳಿಯುತ್ತೆ. ಚಿಕ್ಕ ಟ್ಯಾಂಕ್ ಆದ್ರೆ ಕ್ಯಾನ್‌ನಲ್ಲಿ ಒಂದೆರಡು ಲೀಟರ್ ಇರಲಿ.

ಭಾರತೀಯರಿಗೆ ಈ ಮುಖ್ಯ ದಾರಿಗೆ ಇನ್ನರ್ ಲೈನ್ ಪರ್ಮಿಟ್ ಬೇಡ, ಗುರುತಿನ ಚೀಟಿ ಇಟ್ಕೊಂಡ್ರೆ ಸಾಕು. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡ್ಕೊಳ್ಳಿ. ಹೋಗೋಕೆ ನನಗೆ ಇಷ್ಟವಾದ ತಿಂಗಳು ಸೆಪ್ಟೆಂಬರ್: ಕಿನ್ನೌರ್‌ನಲ್ಲಿ ಮಳೆಗಾಲದ ಕುಸಿತ ಕಡಿಮೆಯಾಗ್ತಾ ಬಂದಿರುತ್ತೆ, ಕುಂಜುಮ್ ಇನ್ನೂ ತೆರೆದಿರುತ್ತೆ.

ಹತ್ತು ದಿನ ರಜೆ ಸಿಗದೆ ಆರೇ ದಿನ ಸಿಕ್ಕಿದ್ರೆ ಏನ್ಮಾಡೋದು ಅಂತ ಒಬ್ಬರು ಕೇಳಿದ್ರು. ಆರು ದಿನಕ್ಕೆ ಕಿನ್ನೌರ್ ನೋಡಿ ಬನ್ನಿ. ಸರಾಹನ್, ಸಾಂಗ್ಲಾ, ಕಲ್ಪಾ. ಸೇಬು ತೋಟ, ಎದುರಿಗೆ ಕಿನ್ನರ ಕೈಲಾಸ, ಒಳ್ಳೇ ನಿದ್ದೆ. ಸ್ಪಿತಿಗೆ ಇನ್ನೊಂದು ವರ್ಷ, ರಜೆ ಜಾಸ್ತಿ ಇದ್ದಾಗ ಹೋಗಿ. ಬೆಟ್ಟ ಎಲ್ಲಿಗೂ ಹೋಗಲ್ಲ.

ಈ ಸಂಚಿಕೆಯನ್ನ ನಿಮ್ಮ ಟ್ರಿಪ್ ಗ್ರೂಪ್‌ಗೆ ಕಳಿಸಿ, ಜೊತೆಗೆ ಆ ಮೂರು ಪ್ರಶ್ನೆಯನ್ನೂ ಪಿನ್ ಮಾಡಿ. ಮುಂದಿನ ವಾರ ಸಿಗೋಣ. ನಿಧಾನಕ್ಕೆ ಹೋಗಿ, ಹುಷಾರಾಗಿ ಬನ್ನಿ.